ಶುಗರ್ ಲೆಕ್ಕಕ್ಕೆ ಮೊಬೈಲ್ ಆ್ಯಪ್: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮಮ್ಮನಿಗೆ ಶುಗರ್ ಬಂದು 12 ವರ್ಷ ಆಯಿತು. ಕೊನೆಯ 4 ವರ್ಷದ ಲೆಕ್ಕ ಮೊಬೈಲಿನಲ್ಲಿದೆ. ಅದಕ್ಕೂ ಮುಂಚಿನದ್ದು ಕ್ಯಾಲೆಂಡರಿನ ಹಿಂದೆ, ಹಾಲಿನ ಲೆಕ್ಕದ ಪಕ್ಕ, ಮೆಡಿಕಲ್ ಶಾಪ್ ಬಿಲ್ಲಿನ ಮೇಲೆ ಹಂಚಿಹೋಗಿದೆ. ಈ ವಿಷಯ ಗೊತ್ತಾದ ಮೇಲೆ ನೆಂಟರು, ಅಕ್ಕಪಕ್ಕದವರು, ಆಫೀಸಿನವರು ಏನಾದರೊಂದು ಕೇಳುತ್ತಲೇ ಇರುತ್ತಾರೆ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ನಾನು ಡಾಕ್ಟರ್ ಅಲ್ಲ. ಮಾತ್ರೆ, ಇನ್ಸುಲಿನ್ ವಿಷಯದಲ್ಲಿ ಕೊನೆಯ ಮಾತು ನಿಮ್ಮ ಡಾಕ್ಟರದ್ದೇ.

ಆ್ಯಪ್ ಹಾಕಿಕೊಂಡರೆ ಶುಗರ್ ಕಡಿಮೆ ಆಗುತ್ತಾ?

ಸುಮ್ನೆ ಹಾಕಿಕೊಂಡರೆ ಆಗಲ್ಲ. ಅದರಲ್ಲಿ ಕಂಡ ನಂಬರ್ ನೋಡಿ ಯಾರಾದರೂ ಏನಾದರೂ ಬದಲಾಯಿಸಿದರೆ ಆಗುತ್ತೆ.

ಇದನ್ನು ಪರೀಕ್ಷೆ ಮಾಡಿಯೂ ನೋಡಿದ್ದಾರೆ. ಅಮೆರಿಕದಲ್ಲಿ 2011ರಲ್ಲಿ ಬಂದ ಒಂದು ಅಧ್ಯಯನದಲ್ಲಿ ರೋಗಿಗಳಿಗೆ ಫೋನಿನಲ್ಲೇ ಸಲಹೆ ಬರುತ್ತಿತ್ತು, ಅವರ ಲೆಕ್ಕ ಡಾಕ್ಟರಿಗೂ ಹೋಗುತ್ತಿತ್ತು. ಒಂದು ವರ್ಷದಲ್ಲಿ ಅವರ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) 1.9ರಷ್ಟು ಇಳಿಯಿತು. ಮಾಮೂಲಿ ಚಿಕಿತ್ಸೆಯಲ್ಲಿದ್ದವರದ್ದು 0.7 ಮಾತ್ರ. ನಮ್ಮ ದೇಶದಲ್ಲಿ 2013ರಲ್ಲಿ ಬಂದದ್ದು ಇನ್ನೂ ಸರಳ. ಶುಗರ್ ಬರುವ ಅಂಚಿನಲ್ಲಿದ್ದ 537 ಗಂಡಸರಲ್ಲಿ ಅರ್ಧ ಜನಕ್ಕೆ ಊಟ, ನಡಿಗೆಯ ಬಗ್ಗೆ ಎಸ್‌ಎಂಎಸ್ ಕಳಿಸಿದರು. ಎರಡು ವರ್ಷದಲ್ಲಿ ಮೆಸೇಜ್ ಬಂದವರಲ್ಲಿ 100ಕ್ಕೆ 18 ಜನಕ್ಕೆ ಶುಗರ್ ಬಂತು, ಬಾರದವರಲ್ಲಿ 27 ಜನಕ್ಕೆ. ಸ್ಮಾರ್ಟ್‌ಫೋನ್ ಕೂಡ ಬೇಕಿರಲಿಲ್ಲ, ನೋಡಿ.

ಇದರ ಉಲ್ಟಾ ಉದಾಹರಣೆ ನಮ್ಮ ರಾಜ್ಯದ್ದೇ ಇದೆ. ಕರ್ನಾಟಕ ಮತ್ತು ಹರಿಯಾಣದ 40 ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ 3,698 ಜನರ ಮೇಲೆ 'ಎಂವೆಲ್‌ಕೇರ್' ಅನ್ನುವ ಪ್ರಯೋಗ ನಡೆಯಿತು. ನರ್ಸ್ ಟ್ಯಾಬ್‌ನಲ್ಲಿ ವಿವರ ತುಂಬಿದರೆ ಚಿಕಿತ್ಸೆಯ ಸಲಹೆ ಬರುವ ವ್ಯವಸ್ಥೆ ಅದು. 2019ರಲ್ಲಿ ಫಲಿತಾಂಶ ಬಂದಾಗ, ಟ್ಯಾಬ್ ಇದ್ದ ಕಡೆಗೂ ಇಲ್ಲದ ಕಡೆಗೂ ಶುಗರ್ ಮತ್ತು ಬಿಪಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಟ್ಯಾಬ್ ಇಲ್ಲದ ಕಡೆಯೂ ಸಿಬ್ಬಂದಿಗೆ ತರಬೇತಿ ಕೊಟ್ಟಿದ್ದರು. ತರಬೇತಿ ಪಡೆದ ಜನ ಇದ್ದಮೇಲೆ ಯಂತ್ರ ಹೆಚ್ಚಿಗೇನೂ ಕೊಡಲಿಲ್ಲ ಅಂತ ನಾನು ಅದನ್ನು ಓದಿಕೊಂಡೆ.

ಡಾಕ್ಟರ್ ಕೊಟ್ಟ ಡೈರಿಯಲ್ಲೇ ಬರೆದರೆ ಸಾಲದಾ?

ಧಾರಾಳವಾಗಿ ಸಾಕು. ತಪ್ಪದೆ ಬರೆಯುವವರಾದರೆ ಆ್ಯಪ್ ಬೇಕೇ ಇಲ್ಲ. ಆದರೆ ಡೈರಿ ಮನೆಯಲ್ಲೇ ಉಳಿಯುತ್ತೆ, ಫೋನ್ ಜೇಬಿನಲ್ಲಿರುತ್ತೆ. ಮದುವೆ ಮನೆಗೂ ಬರುತ್ತೆ, ಆಸ್ಪತ್ರೆಗೂ ಬರುತ್ತೆ.

ನೂರಾರು ಆ್ಯಪ್ ಇವೆ. ಯಾವುದನ್ನು ಹಾಕಿಕೊಳ್ಳಲಿ?

ಹೆಸರಿಗಿಂತ ಬಗೆ ನೋಡಿ. ಬರೀ ಲೆಕ್ಕ ಇಡುವವು ಒಂದು ಬಗೆ. ಮೈಶುಗರ್ ಅಂಥದ್ದು. ಆಸ್ಟ್ರಿಯಾದಲ್ಲಿ ಹುಟ್ಟಿದ್ದು, 2017ರಲ್ಲಿ ರೋಶ್ ಕಂಪನಿ ಕೊಂಡುಕೊಂಡಿತು. ಊಟದ ಲೆಕ್ಕ ಇಡುವವು ಇನ್ನೊಂದು ಬಗೆ. ಬೆಂಗಳೂರಿನ ಹೆಲ್ದಿಫೈಮಿ ಇದಕ್ಕೆ ಉದಾಹರಣೆ, ನಮ್ಮ ತಿಂಡಿಗಳ ಹೆಸರು ಅದರಲ್ಲಿ ಸಿಗುತ್ತವೆ. ಬೀಟ್‌ಓ ತರಹದವು ಗ್ಲುಕೋಮೀಟರನ್ನೂ ಮಾರಿ, ಅದರ ರೀಡಿಂಗನ್ನು ನೇರ ಫೋನಿಗೆ ತರುತ್ತವೆ. ಸೆನ್ಸರ್ ಜೊತೆ ಬರುವವು ಮತ್ತೊಂದು, ಅವುಗಳ ವಿಷಯ ಮುಂದೆ ಹೇಳುತ್ತೇನೆ.

ನಾನು ನೋಡುವುದು ಮೂರು. ಒಂದು ರೀಡಿಂಗ್ ಹಾಕಲು ಎಷ್ಟು ಸಲ ಒತ್ತಬೇಕು? ನಾಲ್ಕಕ್ಕಿಂತ ಜಾಸ್ತಿ ಆದರೆ ಅಮ್ಮ ಎರಡನೇ ವಾರಕ್ಕೆ ಬಿಟ್ಟುಬಿಡುತ್ತಾರೆ. ಲೆಕ್ಕವನ್ನು ಪಿಡಿಎಫ್ ಮಾಡಿ ಹೊರಗೆ ತೆಗೆಯಬಹುದಾ? ಮೀಟರ್ ಬದಲಾಯಿಸಿದರೆ ಹಳೇ ಲೆಕ್ಕ ಉಳಿಯುತ್ತಾ? ಎರಡನೆಯದಕ್ಕೆ 'ಇಲ್ಲ' ಅಂತ ಉತ್ತರ ಬಂದರೆ ಅಲ್ಲೇ ಅಳಿಸಿ.

ಏನೇನು ಬರೆಯಬೇಕು? ದಿನಕ್ಕೆ ಎಷ್ಟು ಸಲ ಚುಚ್ಚಿಕೊಳ್ಳಬೇಕು?

ನಾವು ಎಡವಿದ್ದೇ ಇಲ್ಲಿ. ಅಮ್ಮ ದಿನಾ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಮಾತ್ರ ನೋಡುತ್ತಿದ್ದರು. 118, 124, 121. ಆ್ಯಪ್ ತುಂಬಾ ಹಸಿರು ಚುಕ್ಕಿ, ಮೇಲೆ ಒಂದು ಚಪ್ಪಾಳೆ ಚಿತ್ರ. ಮೂರು ತಿಂಗಳಿಗೆ ಎಚ್‌ಬಿಎ1ಸಿ ಮಾಡಿಸಿದರೆ 8.4. ಅಂದರೆ ಸರಾಸರಿ ಶುಗರ್ 194ರ ಹತ್ತಿರ. ಮೀಟರೇ ಹಾಳಾಗಿದೆ ಅಂದುಕೊಂಡು ಹೊಸದು ತಂದೆವು. ಹೊಸದೂ ಅದನ್ನೇ ಹೇಳಿತು.

ಡಾಕ್ಟರ್ ಒಂದೇ ಮಾತು ಹೇಳಿದರು: 'ಜೋಡಿಯಾಗಿ ನೋಡಿ.' ತಿಂಡಿಗೆ ಮುಂಚೆ ಒಂದು, ತಿನ್ನಲು ಶುರು ಮಾಡಿ ಎರಡು ಗಂಟೆಗೆ ಇನ್ನೊಂದು. ಮಾರನೇ ದಿನ ಮಧ್ಯಾಹ್ನದ ಊಟಕ್ಕೆ, ಆಮೇಲೆ ರಾತ್ರಿಗೆ. ದಿನಕ್ಕೆ ಎರಡೇ ಸ್ಟ್ರಿಪ್. ಒಂದೇ ವಾರದಲ್ಲಿ ಸಿಕ್ಕಿಬಿತ್ತು. ತಿಂಡಿ ಆದಮೇಲೆ 236, 241. ಎರಡು ಅಕ್ಕಿರೊಟ್ಟಿ, ಸಕ್ಕರೆ ಕಾಫಿ, ಹತ್ತೂವರೆಗೆ ಒಂದು ಬಾಳೆಹಣ್ಣು. ಒಂದು ರೊಟ್ಟಿ ತೆಗೆದು ಅದರ ಜಾಗಕ್ಕೆ ಹೆಸರುಕಾಳು ಉಸಲಿ ಬಂತು, ಕಾಫಿಯಿಂದ ಸಕ್ಕರೆ ಹೋಯಿತು. ಡಾಕ್ಟರ್ ಬೆಳಗಿನ ಮಾತ್ರೆಯನ್ನೂ ಬದಲಾಯಿಸಿದರು. ಈಗ ಅದೇ ಹೊತ್ತಿಗೆ 170, 180 ಬರುತ್ತೆ.

ಆದ್ದರಿಂದ ನಂಬರಿನ ಜೊತೆ ಹೊತ್ತು, ತಿಂದಿದ್ದು, ಮಾತ್ರೆ, ನಡಿಗೆ ಇವಿಷ್ಟು ಇರಲಿ. 'ಜ್ವರ', 'ನಿದ್ದೆ ಇಲ್ಲ' ಅಂತ ಎರಡು ಪದ ಸೇರಿಸಿದರೆ ಇನ್ನೂ ಒಳ್ಳೆಯದು. ಬಹಳಷ್ಟು ದೊಡ್ಡವರಿಗೆ ಊಟಕ್ಕೆ ಮುಂಚೆ 80ರಿಂದ 130, ಊಟ ಆದಮೇಲೆ 180ರ ಒಳಗೆ ಅನ್ನುವುದು ಸಾಮಾನ್ಯ ಗುರಿ. ವಯಸ್ಸಾದವರಿಗೆ, ಬಸುರಿಯರಿಗೆ ಗುರಿ ಬೇರೆ ಇರುತ್ತೆ. ಆ್ಯಪ್ ತಾನಾಗಿ ಇಟ್ಟ ಗುರಿಯನ್ನು ತಿದ್ದಿ ನಿಮ್ಮ ಡಾಕ್ಟರ್ ಹೇಳಿದ್ದನ್ನು ಹಾಕಿ. ಎಷ್ಟು ಸಲ ನೋಡಬೇಕು ಅನ್ನುವುದು ನೀವು ತೆಗೆದುಕೊಳ್ಳುವ ಔಷಧಿಯ ಮೇಲೆ ಹೋಗುತ್ತೆ. ಇನ್ಸುಲಿನ್ ತೆಗೆದುಕೊಳ್ಳುವವರಿಗೂ ಬರೀ ಮೆಟ್‌ಫಾರ್ಮಿನ್‌ನವರಿಗೂ ಒಂದೇ ಲೆಕ್ಕ ಇಲ್ಲ.

ಮನೆಯ ಮೀಟರ್‌ನಲ್ಲಿ 148, ಲ್ಯಾಬ್‌ನಲ್ಲಿ 134. ಆ್ಯಪಿಗೆ ಯಾವುದನ್ನು ಹಾಕಲಿ?

ಎರಡನ್ನೂ ಹಾಕಿ, ಲ್ಯಾಬಿನದು ಅಂತ ಗುರುತು ಇರಲಿ. ಇಷ್ಟು ವ್ಯತ್ಯಾಸ ತಪ್ಪಲ್ಲ. ಮನೆಯ ಮೀಟರಿಗೆ 100ರ ಮೇಲೆ ಶೇ. 15ರಷ್ಟು ಆಚೀಚೆ ಹೋಗಲು ಅಂತರರಾಷ್ಟ್ರೀಯ ಮಾನದಂಡವೇ ಅವಕಾಶ ಕೊಡುತ್ತೆ. ಊಟ ಆದಮೇಲೆ ಬೆರಳಿನ ರಕ್ತದಲ್ಲಿ ಶುಗರ್ ಲ್ಯಾಬಿನವರು ತೋಳಿನ ರಕ್ತನಾಳದಿಂದ ತೆಗೆಯುವ ರಕ್ತಕ್ಕಿಂತ ಸ್ವಲ್ಪ ಜಾಸ್ತಿಯೇ ಇರುತ್ತೆ.

ನಿಜವಾಗಿ ಕೆಡಿಸುವುದು ಬೇರೆ. ಮಾವಿನಹಣ್ಣು ಹೆಚ್ಚಿದ ಕೈಯನ್ನು ತೊಳೆಯದೆ ಚುಚ್ಚಿದರೆ ನಂಬರ್ ಸುಳ್ಳೇ ಮೇಲೆ ಹೋಗುತ್ತೆ. ಮಳೆಗಾಲದಲ್ಲಿ ಸ್ಟ್ರಿಪ್ ಡಬ್ಬಿ ತೆರೆದಿಟ್ಟರೆ ತೇವ ಎಳೆದು ಹಾಳಾಗುತ್ತೆ. ಇನ್ನೊಂದು ಯಾರೂ ಹೇಳುವುದಿಲ್ಲ: ಬ್ಯಾಟರಿ ಬದಲಾಯಿಸಿದರೆ ಕೆಲವು ಮೀಟರಿನ ಗಡಿಯಾರ ಕೆಡುತ್ತೆ. ಆಮೇಲೆ ಬ್ಲೂಟೂತ್‌ನಲ್ಲಿ ಬಂದ ರಾತ್ರಿಯ ರೀಡಿಂಗ್ ಆ್ಯಪಿನಲ್ಲಿ ಬೆಳಗ್ಗೆಯದಾಗಿ ಕೂರುತ್ತೆ.

ಮುದ್ದೆ, ಬಿಸಿಬೇಳೆ ಬಾತ್ ಎಲ್ಲಾ ಆ್ಯಪಿಗೆ ಹೇಗೆ ತುಂಬುವುದು?

ಕಷ್ಟವೇ. ಒಂದು ಆ್ಯಪ್ ನಮ್ಮ ಮುದ್ದೆಯ ಫೋಟೋ ನೋಡಿ ಚಾಕೊಲೇಟ್ ಕೇಕ್ ಅಂದಿತು. ಅಮ್ಮ ಇನ್ನೂ ಆ ಮಾತು ಎತ್ತಿ ನಗುತ್ತಾರೆ.

'1 ಮುದ್ದೆ' ಅಂತ ಪಟ್ಟಿಯಲ್ಲಿ ಇದ್ದರೂ ನಂಬಬೇಡಿ. ಯಾರ ಮನೆಯ ಮುದ್ದೆ? ಒಬ್ಬರದು ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು, ಇನ್ನೊಬ್ಬರದು ಚಿಕ್ಕ ತೆಂಗಿನಕಾಯಿ. ಒಂದು ದಿನ ಹಿಟ್ಟನ್ನು ತಕ್ಕಡಿಯಲ್ಲಿ ತೂಗಿ, ಎಷ್ಟು ಮುದ್ದೆ ಆಯಿತು ಅಂತ ಎಣಿಸಿ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2017ರಲ್ಲಿ ಹೊರತಂದ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಕಾರ್ಬೋಹೈಡ್ರೇಟ್ (ಮೈಯಲ್ಲಿ ಸಕ್ಕರೆಯಾಗುವ ಅಂಶ) ಇದೆ. ಬಿಳಿ ಜೋಳದಲ್ಲೂ ಸುಮಾರು ಅಷ್ಟೇ. ಅಕ್ಕಿಯಲ್ಲಿ 78. 80 ಗ್ರಾಂ ಹಿಟ್ಟಿನ ಮುದ್ದೆ ಅಂದರೆ 53, 54 ಗ್ರಾಂ ಆಯಿತು. ಇದನ್ನು 'ನಮ್ಮನೆ ಮುದ್ದೆ' ಅಂತ ಒಂದು ಸಲ ಉಳಿಸಿಟ್ಟರೆ ಮುಗಿಯಿತು.

ರಾಗಿ ತಿಂದರೆ ಶುಗರ್ ಏರುವುದೇ ಇಲ್ಲ ಅನ್ನುವವರು ಈ ನಂಬರ್ ನೋಡಬೇಕು. ರಾಗಿಯ ಒಳ್ಳೆಯತನ ಇರುವುದು ನಾರಿನಲ್ಲಿ. 100 ಗ್ರಾಂ ರಾಗಿಯಲ್ಲಿ 11 ಗ್ರಾಂ ನಾರಿದೆ, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಆದರೆ ನಯವಾಗಿ ಬೀಸಿದ ಹಿಟ್ಟಿನ ಅಂಬಲಿ ಬೇಗ ಏರಿಸುತ್ತೆ. ಬೆಲ್ಲದ ಕಾಫಿಯನ್ನು ಕೆಲವರು 'ಶುಗರ್ ಇಲ್ಲದ್ದು' ಅಂತ ಹಾಕುತ್ತಾರೆ. ಬೆಲ್ಲವೂ ಸಕ್ಕರೆಯೇ.

ಬಿಸಿಬೇಳೆ ಬಾತ್, ವಾಂಗಿಬಾತ್‌ಗೆ ಗ್ರಾಂ ಲೆಕ್ಕ ಮಾಡುತ್ತಾ ಕೂರಬೇಡಿ. ಒಂದೇ ಬಟ್ಟಲು ಇಟ್ಟುಕೊಂಡು 'ಒಂದು ಬಟ್ಟಲು', 'ಒಂದೂವರೆ' ಅಂತ ಬರೆಯಿರಿ. ಎರಡು ಗಂಟೆ ಬಿಟ್ಟು ಮೀಟರ್ ಏನು ಹೇಳುತ್ತೋ ಅದೇ ನಿಮ್ಮ ದೇಹದ ಲೆಕ್ಕ. ಊಟಕ್ಕೆ ತಕ್ಕಂತೆ ಇನ್ಸುಲಿನ್ ಬದಲಾಯಿಸುವವರಿಗೆ ಮಾತ್ರ ಗ್ರಾಂ ಲೆಕ್ಕ ನಿಜಕ್ಕೂ ಬೇಕು.

ಆ್ಯಪ್ 'ಅಂದಾಜು ಎಚ್‌ಬಿಎ1ಸಿ 6.5' ಅನ್ನುತ್ತೆ. ಇನ್ನು ಲ್ಯಾಬ್ ಬೇಡ ಅಲ್ವಾ?

ಬೇಕು. ಆ್ಯಪಿಗೆ ನೀವು ಕೊಟ್ಟ ನಂಬರ್ ಬಿಟ್ಟರೆ ಬೇರೇನೂ ಗೊತ್ತಿಲ್ಲ. ನಮ್ಮಮ್ಮನ ಹಾಗೆ ಬೆಳಗ್ಗೆಯದಷ್ಟೇ ಹಾಕಿದರೆ ಅಂದಾಜು ಸುಳ್ಳೇ ಕಡಿಮೆ ಬರುತ್ತೆ. ಲ್ಯಾಬಿನ ಎಚ್‌ಬಿಎ1ಸಿಗೂ ಒಂದು ಕೊರತೆ ಇದೆ. ಕಬ್ಬಿಣದಂಶ ಕಡಿಮೆಯಾಗಿ ರಕ್ತಹೀನತೆ ಇದ್ದರೆ ಅದು ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. ಹೆಣ್ಣುಮಕ್ಕಳ ವಿಷಯದಲ್ಲಿ ಇದನ್ನು ಡಾಕ್ಟರಿಗೆ ನೆನಪಿಸಿ.

ತೋಳಿಗೆ ಅಂಟಿಸುವ ಸೆನ್ಸರ್ ಹಾಕಿಸಲಾ?

ಇನ್ಸುಲಿನ್ ತೆಗೆದುಕೊಳ್ಳುವವರಿಗೆ, ರಾತ್ರಿ ಲೋ ಆಗುವವರಿಗೆ (ಅಂದರೆ ಶುಗರ್ ತೀರಾ ಇಳಿಯುವವರಿಗೆ) ಬಹಳ ಉಪಯೋಗ. ಅಬಾಟ್ ಕಂಪನಿಯ ಫ್ರೀಸ್ಟೈಲ್ ಲಿಬ್ರೆ ಸೆನ್ಸರ್ 14 ದಿನ ತೋಳಿನ ಮೇಲಿರುತ್ತೆ, ಫೋನ್ ಹತ್ತಿರ ಹಿಡಿದರೆ ನಂಬರ್ ಬರುತ್ತೆ. ಒಂದಕ್ಕೇ ಸಾವಿರಾರು ರೂಪಾಯಿ. ಮಾತ್ರೆಯಲ್ಲೇ ಇರುವವರು ವರ್ಷಕ್ಕೆ ಒಂದೆರಡು ಸಲ ಹಾಕಿಸಿ, ಆ ಎರಡು ವಾರದಲ್ಲಿ ಕಲಿಯುವುದನ್ನು ಕಲಿತರೆ ಸಾಕು ಅನ್ನುವುದು ನನ್ನ ಲೆಕ್ಕ.

ಸೆನ್ಸರ್ ಅಳೆಯುವುದು ರಕ್ತವನ್ನಲ್ಲ, ಚರ್ಮದ ಕೆಳಗಿನ ದ್ರವವನ್ನು. ಶುಗರ್ ಬೇಗ ಏರುವಾಗ, ಇಳಿಯುವಾಗ ಅದು ಕೆಲವು ನಿಮಿಷ ಹಿಂದೆ ಇರುತ್ತೆ. ಆ ತೋಳಿನ ಮೇಲೆ ಮಲಗಿದರೆ ಸುಳ್ಳೇ ಲೋ ತೋರಿಸುತ್ತೆ. ತೋರಿಸಿದ್ದಕ್ಕೂ ಮೈಗೆ ಅನಿಸುವುದಕ್ಕೂ ಹೊಂದದಿದ್ದರೆ ಬೆರಳು ಚುಚ್ಚಿ ನೋಡಿ. ಆ್ಯಪಿನಲ್ಲಿ ನೋಡಬೇಕಾದ್ದು 70ರಿಂದ 180ರ ಒಳಗೆ ಎಷ್ಟು ಹೊತ್ತು ಇದ್ದಿರಿ ಅನ್ನುವುದನ್ನು. ದಿನದಲ್ಲಿ ಶೇ. 70 ದಾಟಿದರೆ ಒಳ್ಳೆಯದು, ಅಂದರೆ ಸುಮಾರು 17 ಗಂಟೆ. ತುಂಬಾ ವಯಸ್ಸಾದವರಿಗೆ ಶೇ. 50 ದಾಟಿದರೂ ಸಾಕು, ಆದರೆ ಲೋ ಮಾತ್ರ ಆಗಬಾರದು.

ಚುಚ್ಚದೆ ವಾಚಿನಲ್ಲೇ ಶುಗರ್ ತೋರಿಸುತ್ತಂತೆ, 1,999 ರೂಪಾಯಿಗೆ?

ಕೊಳ್ಳಬೇಡಿ. ಚರ್ಮ ಚುಚ್ಚದೆ ತಾನೇ ಶುಗರ್ ಅಳೆಯುತ್ತೇನೆ ಅನ್ನುವ ವಾಚು, ಉಂಗುರ ಬಳಸಬೇಡಿ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲೇ ಎಚ್ಚರಿಸಿದೆ. ಅಂಥ ಒಂದಕ್ಕೂ ಆಗ ಅದು ಒಪ್ಪಿಗೆ ಕೊಟ್ಟಿರಲಿಲ್ಲ. ತೋಳಿನ ಸೆನ್ಸರಿನ ನಂಬರನ್ನು ವಾಚಿನಲ್ಲಿ ತೋರಿಸುವುದು ಬೇರೆ ಮಾತು, ಅದು ಸರಿ.

ಇನ್ಸುಲಿನ್ ಎಷ್ಟು ಯೂನಿಟ್ ಅಂತ ಆ್ಯಪ್ ಹೇಳುತ್ತಲ್ಲ?

ಹೇಳುತ್ತೆ. ಭಯ ಇರುವುದೂ ಅಲ್ಲೇ. 2015ರಲ್ಲಿ ಇನ್ಸುಲಿನ್ ಡೋಸ್ ಲೆಕ್ಕ ಹಾಕುವ 46 ಆ್ಯಪ್‌ಗಳನ್ನು ಸಂಶೋಧಕರು ಪರೀಕ್ಷಿಸಿದರು. 31ರಲ್ಲಿ ತಪ್ಪು ಡೋಸ್ ಬರುವ ಅಪಾಯ ಇತ್ತು. 42 ಆ್ಯಪ್‌ಗಳು ಹಾಕಿದ ನಂಬರ್ ಸರಿಯೋ ತಪ್ಪೋ ಅಂತಲೇ ನೋಡುತ್ತಿರಲಿಲ್ಲ. ಡಾಕ್ಟರೇ ಕೂತು ನಿಮ್ಮ ಲೆಕ್ಕ ಹಾಕಿಕೊಟ್ಟ ಆ್ಯಪ್ ಆದರೆ ಸರಿ. ಇಲ್ಲದಿದ್ದರೆ ಚೀಟಿಯಲ್ಲಿ ಬರೆದಷ್ಟೇ ಯೂನಿಟ್.

ಶುಗರ್ ದಿಢೀರ್ ಇಳಿದರೆ?

ಮೈ ನಡುಗುವುದು, ಬೆವರು, ಎದೆ ಹೊಡೆದುಕೊಳ್ಳುವುದು, ಮಾತು ತಡವರಿಸುವುದು ಕಂಡರೆ ಫೋನ್ ಕೆಳಗಿಡಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಟೀ ಚಮಚ ಸಕ್ಕರೆ ಅರ್ಧ ಲೋಟ ನೀರಿಗೆ ಹಾಕಿ ಕುಡಿಯಿರಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಏರದಿದ್ದರೆ ಇನ್ನೊಮ್ಮೆ. ಬಿಸ್ಕತ್ತು, ಚಾಕೊಲೇಟ್ ಆಮೇಲೆ, ಅವುಗಳಲ್ಲಿ ಜಿಡ್ಡು ಇರುವುದರಿಂದ ನಿಧಾನ. ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಮಾತ್ರೆ ತೆಗೆದುಕೊಳ್ಳುವವರಿಗೆ ಮಾತ್ರ ಸಕ್ಕರೆ ಬೇಗ ಹತ್ತುವುದಿಲ್ಲ. ಅವರ ಹತ್ತಿರ ಗ್ಲೂಕೋಸ್ ಪುಡಿಯೇ ಇರಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ.

ಗ್ಲಿಮೆಪಿರೈಡ್ ಮಾತ್ರೆ ನುಂಗಿ ತಿಂಡಿ ತಡವಾದರೆ ಹೀಗಾಗುವುದು ಸಾಮಾನ್ಯ. ಆ್ಯಪಿನಲ್ಲಿ ಅದರ ರಿಮೈಂಡರ್ ಇಟ್ಟವರು ಪಕ್ಕದಲ್ಲಿ 'ತಟ್ಟೆ ಮುಂದೆ ಬಂದ ಮೇಲೆ' ಅಂತ ಬರೆದುಕೊಳ್ಳಿ.

ರಿಮೈಂಡರ್ ಹೊಡೆಯಲೇ ಇಲ್ಲ. ಆ್ಯಪ್ ಕೆಟ್ಟಿದೆಯಾ?

ಬಹುಪಾಲು ಫೋನಿನ ಸೆಟ್ಟಿಂಗ್ ಕಾರಣ. ಬ್ಯಾಟರಿ ಉಳಿಸಲು ಫೋನೇ ಆ್ಯಪನ್ನು ಮಲಗಿಸಿರುತ್ತೆ. 'ಡು ನಾಟ್ ಡಿಸ್ಟರ್ಬ್' ಆನ್ ಆಗಿರುತ್ತೆ. ಶಬ್ದ ಮೂಲೆಯಲ್ಲಿಟ್ಟ ಬ್ಲೂಟೂತ್ ಇಯರ್‌ಫೋನಿಗೆ ಹೋಗಿರುತ್ತೆ. ಸಾಫ್ಟ್‌ವೇರ್ ಅಪ್‌ಡೇಟ್ ಆದಾಗಲೆಲ್ಲ ಒಮ್ಮೆ ನೋಡಿ.

ಅಪ್ಪನಿಗೆ ಇಂಗ್ಲಿಷ್ ಬರಲ್ಲ, ಕಣ್ಣೂ ಮಂಜು. ಏನು ಮಾಡಲಿ?

ಆ್ಯಪ್ ಬಿಡಿ, ವಾಟ್ಸ್‌ಆ್ಯಪ್ ಸಾಕು. ಮನೆಯವರದೊಂದು ಗುಂಪು ಮಾಡಿ. ಅಪ್ಪ ಮೀಟರಿನ ಫೋಟೋ ಹಾಕಲಿ, ಇಲ್ಲವೇ 'ತಿಂಡಿ ಆದಮೇಲೆ ನೂರ ಎಪ್ಪತ್ತು' ಅಂತ ಮಾತಿನಲ್ಲೇ ಕಳಿಸಲಿ. ವಾರಕ್ಕೊಮ್ಮೆ ಮಕ್ಕಳಲ್ಲಿ ಒಬ್ಬರು ಅದನ್ನು ಆ್ಯಪಿಗೆ ತುಂಬಿದರಾಯಿತು. ಗೂಗಲ್‌ನ ಕೀಬೋರ್ಡ್ ಆದ ಜಿಬೋರ್ಡ್‌ನಲ್ಲಿ ಕನ್ನಡ ಆರಿಸಿ ಮೈಕ್ ಒತ್ತಿದರೆ ಹೇಳಿದ್ದು ಅಕ್ಷರವಾಗುತ್ತೆ.

ನಾನು ಲಂಡನ್‌ನಲ್ಲಿದ್ದೇನೆ. ಅಮ್ಮನ ಲೆಕ್ಕ ಇಲ್ಲಿಂದ ನೋಡಬಹುದಾ?

ನೋಡಬಹುದು, ಹಂಚಿಕೊಳ್ಳುವ ಸೌಕರ್ಯ ಹಲವು ಆ್ಯಪ್‌ಗಳಲ್ಲಿದೆ. ಮೊದಲು ಅಳತೆ ಸರಿಮಾಡಿ. ಬ್ರಿಟನ್‌ನಲ್ಲಿ 7.2 ಅನ್ನುವುದು ಇಲ್ಲಿಯ 130. ಅಲ್ಲಿಯದನ್ನು 18ರಿಂದ ಗುಣಿಸಿದರೆ ಇಲ್ಲಿಯದು ಬರುತ್ತೆ. ಅಲ್ಲಿ ಕೊಂಡ ಮೀಟರನ್ನು ಅಮ್ಮನಿಗೆ ಕಳಿಸುವ ಮುಂಚೆ ಇದನ್ನು ನೋಡಿ, ಸ್ಟ್ರಿಪ್ ಇಲ್ಲಿ ಸಿಗುತ್ತಾ ಅಂತಲೂ ವಿಚಾರಿಸಿ.

ಇನ್ನೊಂದು ಮಾತು. ಪ್ರತಿ ನಂಬರಿಗೂ ಫೋನ್ ಮಾಡಿ 'ಏನು ತಿಂದೆ?' ಅಂತ ಕೇಳಬೇಡಿ. ನಾನು ಕೇಳಿದ್ದೆ. ಅಮ್ಮ ಗೌರಿ ಹಬ್ಬದ ದಿನ ಹೋಳಿಗೆ ತಿಂದು ಶುಗರ್ ನೋಡುವುದನ್ನೇ ಬಿಟ್ಟರು. ನಂಬರ್ ಬರೆಯಲು ಹೆದರುವ ಹಾಗಾದರೆ ಆ್ಯಪ್ ಇದ್ದೂ ದಂಡ.

ಏಕಾದಶಿ, ರಂಜಾನ್ ಉಪವಾಸದ ದಿನ?

ಹಳೇ ರಿಮೈಂಡರ್ ಅಪಾಯ. ಊಟವಿಲ್ಲದ ಹೊತ್ತಿಗೆ ಮಾತ್ರೆ ನುಂಗು ಅನ್ನುತ್ತೆ. ಮುಂಚೆಯೇ ಡಾಕ್ಟರನ್ನು ಕೇಳಿ ಹೊತ್ತು, ಡೋಸ್ ಬದಲಾಯಿಸಿಕೊಳ್ಳಿ. 70ಕ್ಕಿಂತ ಇಳಿದರೆ ಅಥವಾ 300 ದಾಟಿದರೆ ಉಪವಾಸ ಅಲ್ಲಿಗೇ ಮುರಿಯಬೇಕು.

ನಮ್ಮ ಮಾಹಿತಿ ಎಲ್ಲಿಗೆ ಹೋಗುತ್ತೆ?

ಆ್ಯಂಡ್ರಾಯ್ಡ್‌ನ 211 ಶುಗರ್ ಆ್ಯಪ್‌ಗಳನ್ನು ನೋಡಿ 2016ರಲ್ಲಿ ಬಂದ ಒಂದು ವರದಿಯಲ್ಲಿ, ಶೇ. 81ಕ್ಕೆ ಖಾಸಗಿತನದ ನೀತಿಯೇ ಇರಲಿಲ್ಲ. ಉಚಿತ ಆ್ಯಪ್ ಕಾಂಟ್ಯಾಕ್ಟ್ಸ್ ಕೇಳಿದರೆ 'ಬೇಡ' ಒತ್ತಿ, ಸಕ್ಕರೆ ಲೆಕ್ಕಕ್ಕೆ ಅದೇಕೆ? ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ, ಕೊಟ್ಟ ಒಪ್ಪಿಗೆಯನ್ನು ವಾಪಸ್ ತೆಗೆದುಕೊಳ್ಳುವ, ಮಾಹಿತಿ ಅಳಿಸಿ ಅನ್ನುವ ಹಕ್ಕುಗಳನ್ನು ಹೇಳುತ್ತದೆ. ಲ್ಯಾಬ್ ರಿಪೋರ್ಟುಗಳನ್ನು ಸರ್ಕಾರದ 14 ಅಂಕಿಯ ಆಭಾ (ಆರೋಗ್ಯ ಖಾತೆ) ನಂಬರಿಗೆ ಜೋಡಿಸಿ ಇಡುವ ದಾರಿಯೂ ಇದೆ.

'90 ದಿನದಲ್ಲಿ ಶುಗರ್ ಮಾಯ' ಅನ್ನುವ ದುಬಾರಿ ಪ್ಲ್ಯಾನ್ ಸೇರಲಾ?

ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಬ್ರಿಟನ್‌ನ 'ಡೈರೆಕ್ಟ್' ಅನ್ನುವ ಹೆಸರಿನ ಅಧ್ಯಯನದಲ್ಲಿ ತೂಕ ಇಳಿಸುವ ಕಾರ್ಯಕ್ರಮಕ್ಕೆ ಸೇರಿದವರ ಗುಂಪಿನಲ್ಲಿ ಶೇ. 46 ಜನ ಒಂದು ವರ್ಷಕ್ಕೆ ಮಾತ್ರೆ ಇಲ್ಲದೆ ಹತೋಟಿಯಲ್ಲಿದ್ದರು. ಎರಡನೇ ವರ್ಷಕ್ಕೆ ಅದು ಶೇ. 36ಕ್ಕೆ ಇಳಿಯಿತು. ಅವರಿಗೆಲ್ಲ ಶುಗರ್ ಬಂದು 6 ವರ್ಷದೊಳಗೆ ಇತ್ತು, ಇನ್ಸುಲಿನ್ ಇರಲಿಲ್ಲ. 12 ವರ್ಷದ ಶುಗರಿಗೆ ಅದೇ ಮಾತು ಕೊಟ್ಟು ದುಡ್ಡು ಕೇಳುವವರನ್ನು ಎರಡು ಸಲ ಪ್ರಶ್ನೆ ಮಾಡಿ. ಆ್ಯಪಿನ ಕೋಚ್ ಹೇಳಿದರೆಂದು ಮಾತ್ರೆ ನಿಲ್ಲಿಸಲೇಬೇಡಿ.

ಆ್ಯಪ್ ಹಸಿರು ತೋರಿಸಿದರೂ ಆಸ್ಪತ್ರೆಗೆ ಓಡಬೇಕಾದ್ದು ಯಾವಾಗ?

ವಾಂತಿ ನಿಲ್ಲದಿದ್ದರೆ, ಉಸಿರು ಜೋರಾದರೆ, ಎದೆನೋವು ಬಂದರೆ, ಕಾಲಿನ ಗಾಯ ಕಪ್ಪಾದರೆ ಅಥವಾ ಕೀವು ಕಟ್ಟಿದರೆ. ಡಾಪಾಗ್ಲಿಫ್ಲೋಜಿನ್ ತರಹದ ಮಾತ್ರೆಯವರಲ್ಲಿ ಶುಗರ್ 180 ಇದ್ದಾಗಲೂ ರಕ್ತದಲ್ಲಿ ಆಮ್ಲ ಏರುವ (ಕೀಟೋಆಸಿಡೋಸಿಸ್) ಅಪಾಯ ಉಂಟು, ನಂಬರ್ ನೋಡಿ ಸಮಾಧಾನ ಮಾಡಿಕೊಳ್ಳಬೇಡಿ. ವರ್ಷಕ್ಕೊಮ್ಮೆ ಕಣ್ಣು, ಪಾದ, ಮೂತ್ರದ ಆಲ್ಬುಮಿನ್ ಪರೀಕ್ಷೆ ಆಗಲೇಬೇಕು. ಇದಕ್ಕೆ ನಾವೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಿದ್ದೇವೆ, ಅಮ್ಮನ ಹುಟ್ಟುಹಬ್ಬದ ವಾರ.

ಆರು ತಿಂಗಳಾಯಿತು, ಬೇಜಾರಾಗಿದೆ. ಬಿಟ್ಟುಬಿಡಲಾ?

ಶುಗರ್ ಹತೋಟಿಯಲ್ಲಿದ್ದು, ಇನ್ಸುಲಿನ್ ಇಲ್ಲದಿದ್ದರೆ ದಿನಾ ಬರೆಯುವುದನ್ನು ಬಿಡಬಹುದು, ಡಾಕ್ಟರನ್ನು ಒಮ್ಮೆ ಕೇಳಿ. ಅಮ್ಮ ಈಗ ಡಾಕ್ಟರ್ ಭೇಟಿಗೆ ಎರಡು ವಾರ ಮುಂಚೆ ಮಾತ್ರ ಜೋಡಿ ಲೆಕ್ಕ ಇಡುತ್ತಾರೆ. ಅದನ್ನು ಒಂದೇ ಹಾಳೆಯಲ್ಲಿ ಪ್ರಿಂಟ್ ಹಾಕಿಸಿ ಒಯ್ಯುತ್ತೇವೆ. ಐದು ನಿಮಿಷದ ಭೇಟಿಯಲ್ಲಿ ಡಾಕ್ಟರ್ ಫೋನ್ ಉಜ್ಜುತ್ತಾ ಕೂರಲ್ಲ. ಹಾಳೆ ಆದರೆ ನೋಡುತ್ತಾರೆ, ಪೆನ್ನು ತೆಗೆದು ಸುತ್ತು ಹಾಕುತ್ತಾರೆ. ಹೋದ ಸಲ ಮಂಗಳವಾರದ ಸಂಜೆಗೆ ಸುತ್ತು ಹಾಕಿ 'ಇದೇನಮ್ಮ?' ಅಂದರು. ಪಕ್ಕದ ಮನೆಯ ಗೃಹಪ್ರವೇಶ ಅಂತ ಅಮ್ಮ ಒಪ್ಪಿಕೊಂಡರು.